ಕಪ್ಪೆಗಳ ಕವಿತೆ: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನೆ ನೀನು ಸಿಟ್ಟಿನಲ್ಲೇ ಫೋನಿಟ್ಟೆ. ನನ್ನ ಮಾತು ನೋಯಿಸಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಹೀನಿಯ ಕವಿತೆಯ ಮೇಲಿನ ನಿನ್ನ ಉತ್ತರದಲ್ಲಿ ‘ಬಾಲ್ಯದಲ್ಲಿ ಸುಂದರವಾಗಿದ್ದ ಪ್ರಕೃತಿ ಆಮೇಲೆ ಭಯಂಕರವಾಗುತ್ತದೆ’ ಅಂತ ಬರೆದಿದ್ದೀಯಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ.

ಐರಿಷ್ ಕವಿ ಶೇಮಸ್ ಹೀನಿಯ ಈ ಕವಿತೆ, ‘ಡೆತ್ ಆಫ್ ಎ ನ್ಯಾಚುರಲಿಸ್ಟ್’, ಶುರುವಾಗುವುದೇ ನಾತದಿಂದ. ನಾರು ತೆಗೆಯಲು ಅಗಸೆ ಗಿಡಗಳನ್ನು ನೀರಲ್ಲಿ ಮುಳುಗಿಸಿ, ಮೇಲೆ ಹುಲ್ಲುಹೆಂಟೆ ಹೇರಿ ಕೊಳೆಸುವ ಹೊಂಡ ಅದು. ಕವಿತೆಯಲ್ಲಿ ‘ನಾನು’ ಎಂದು ಮಾತಾಡುವ ಹುಡುಗನಿಗೆ ಹೇಸಿಗೆಯೇ ಇಲ್ಲ. ಲೋಳೆಲೋಳೆಯಾದ ಕಪ್ಪೆಮೊಟ್ಟೆಯೆಂದರೆ ಅವನಿಗೆ ಪ್ರಾಣ. ಎರಡನೇ ಭಾಗದಲ್ಲಿ ಅವನನ್ನು ಹೆದರಿಸುವ ಕಪ್ಪೆಗಳು ಕೂತಿರುವುದೂ ಅದೇ ಹೊಂಡದ ಹೆಂಟೆಗಳ ಮೇಲೆಯೇ. ಹೊಂಡ ಬದಲಾಗಿಲ್ಲ, ಹುಡುಗ ಬದಲಾಗಿದ್ದಾನೆ.

ಎರಡು ಭಾಗಗಳ ನಡುವಿನ ಬಿರುಕನ್ನು ಗಟ್ಟಿಯಾಗಿ ಓದಿ ನೋಡು. ಮೊದಲ ಭಾಗದ ಕೊನೆಯ ಸಾಲಿನಲ್ಲಿ ಎರಡೇ ಉಚ್ಚಾರಾಂಶ, ಎರಡನೆಯದರ ಮೊದಲ ಸಾಲಿನಲ್ಲಿ ಎಂಟು. ಕೂಡಿಸಿದರೆ ಹತ್ತು, ಅಂದರೆ ಈ ಕವಿತೆಯಲ್ಲಿ ಸಾಮಾನ್ಯವಾಗಿ ಬರುವಷ್ಟೇ ಉದ್ದದ ಒಂದು ಪೂರ್ತಿ ಸಾಲು! ಕವಿ ಒಂದೇ ಸಾಲನ್ನು ಮುರಿದು ನಡುವೆ ಖಾಲಿ ಜಾಗ ಬಿಟ್ಟಿದ್ದಾನೆ. ಇದನ್ನು ಬರೆಯದೆ ಬಿಟ್ಟರೆ ಉತ್ತರ ಸಪ್ಪೆ.

ಆಮೇಲೆ ‘ನಾನು’ ಎಂಬುದರ ಜೊತೆಗಿರುವ ಕ್ರಿಯಾಪದಗಳಿಗೆ ಗೆರೆ ಎಳಿ. ಮೊದಲು ಅವನು ಜಾಡಿಗೆ ಕಪ್ಪೆಮೊಟ್ಟೆ ತುಂಬುತ್ತಾನೆ, ಕಾಯುತ್ತಾನೆ, ನೋಡುತ್ತಾನೆ. ಕೊನೆಗೆ ವಾಕರಿಕೆ ಬಂದು, ತಿರುಗಿ ಓಡುತ್ತಾನೆ. ಕೈ ಅದ್ದಿದರೆ ಮೊಟ್ಟೆಗಳೇ ಹಿಡಿದುಕೊಳ್ಳುತ್ತವೆ ಎಂಬ ಭಯ! ಹಿಡಿಯುತ್ತಿದ್ದ ಕೈಯನ್ನು ಈಗ ಹಿಡಿಯಲು ಬಂದಿವೆ. ನಾನು ಮತ್ತೆ ಮತ್ತೆ ಇದನ್ನೇ ಹೇಳುತ್ತಿದ್ದೇನೆ, ಯಾಕೆಂದರೆ ಮುಗ್ಧತೆ ಹೋಗುವುದು ಅಲ್ಲೇ. ಅಪ್ಪ ಕಪ್ಪೆ ವಟಗುಟ್ಟುತ್ತದೆ, ಅಮ್ಮ ಕಪ್ಪೆ ಮೊಟ್ಟೆಯಿಡುತ್ತದೆ ಅಂತ ಟೀಚರ್ ಹೇಳಿಕೊಟ್ಟಿದ್ದರು. ಕೂಡುವ ಕಾಲಕ್ಕೆ ಗಂಡು ಕಪ್ಪೆಗಳು ಯಾಕೆ ಹಾಗೆ ಕೂಗುತ್ತವೆ ಎಂಬುದು ಆ ಪಾಠದಲ್ಲಿ ಇರಲಿಲ್ಲ. ಜಾಡಿಯೊಳಗಿನದ್ದು ಎಲ್ಲಿಂದ ಬಂತು ಎಂಬುದು ಅವನ ಕಿವಿಗೆ ಬಿದ್ದದ್ದು ಈಗ.

ಕೂತ ಕಪ್ಪೆಗಳನ್ನು ಹೋಲಿಸುವಾಗ ಗ್ರೆನೇಡ್ (ಕೈಬಾಂಬ್) ಎಂಬ ಪದ ಕಂಡಿತೆಂದು ಉತ್ತರ ಐರ್ಲೆಂಡಿನ ಗಲಭೆಗಳಿಗೆ ಹೋಗಬೇಡ. ಈ ಕವಿತೆಯಿರುವ ಸಂಕಲನ ಬಂದದ್ದು 1966ರಲ್ಲಿ, ಗಲಭೆ ಭುಗಿಲೆದ್ದದ್ದು ಆ ದಶಕದ ಕೊನೆಗೆ. ಗೈಡು ಓದಿ ಮೊದಲೇ ‘ಥೀಮ್’ ಬರೆದುಕೊಂಡರೆ ಆಗುವ ಅನಾಹುತ ಇದು. ಕವಿತೆ ಓದುವ ಮುಂಚೆಯೇ ತೀರ್ಮಾನಕ್ಕೆ ಬಂದುಬಿಡುತ್ತೀಯೇನೋ ಎಂಬುದೇ ನನಗಿರುವ ಚಿಂತೆ.

ಕಪ್ಪೆ ಎಗರುವ ಸದ್ದಿನ ಬಗ್ಗೆ ನೀನು ಬರೆದ ಪ್ಯಾರಾ ಬಹಳ ಚೆನ್ನಾಗಿದೆ. ಅಪ್ಪನಿಗೂ ಓದಿ ಹೇಳಿದೆ. ಅದರ ಒಂದಕ್ಷರವನ್ನೂ ಮುಟ್ಟಬೇಡ. ಎರಡನೇ ಪ್ಯಾರಾ ಮಾತ್ರ ಹೊಸದಾಗಿ ಬರೆದು ಶುಕ್ರವಾರದೊಳಗೆ ಕಳಿಸು, ನೋಡಿಕೊಡುತ್ತೇನೆ.

ಅಮ್ಮ