ಹೊಸ ಕಾರಿನ ಹೊಗಳಿಕೆ ಸಾಕು, ಹಳೇ ಕಾರಿನ ಬಗ್ಗೆಯೂ ಬರೆಯಿರಿ

ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಓದಿದಾಗಲೆಲ್ಲ ಸ್ವಲ್ಪ ಬೇಜಾರಾಗುತ್ತದೆ. ಅಲ್ಲಿ ಬರುವುದೆಲ್ಲ ಹೊಸ ಕಾರೇ. ಸನ್‌ರೂಫ್ ಎಷ್ಟು ಅಗಲ, ಪರದೆ ಎಷ್ಟು ಇಂಚು, ನೂರು ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡ್. ಓದೋಕೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಯೂನಿವರ್ಸಿಟಿಯಲ್ಲಿ ಓದುತ್ತಾ, ಸಂಜೆ ಹೊತ್ತು ಪಾರ್ಟ್‌ಟೈಮ್ ಕೆಲಸ ಮಾಡಿ ನಾಲ್ಕು ಕಾಸು ಕೂಡಿಟ್ಟ ನಮ್ಮಂಥವರು ಕೊಳ್ಳುವುದು ಎಂಟೋ ಹತ್ತೋ ವರ್ಷ ಓಡಿದ ಕಾರು. ಅದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನೀವು ಬರೆಯದೆ ಇದ್ದದ್ದಕ್ಕೇ ನನ್ನ ದುಡ್ಡು ಹೋಯಿತು ಅಂತ ನಿಮ್ಮ ಮೇಲೆ ಗೂಬೆ ಕೂರಿಸುತ್ತಿಲ್ಲ, ತಪ್ಪು ನನ್ನದೇ. ಆದರೂ ಹೇಳಬೇಕು ಅನ್ನಿಸಿತು.

ಮೊದಲು ನನ್ನ ಕತೆ. ನಮ್ಮ ಲ್ಯಾಬ್ ಮುಗಿಯುವಷ್ಟರಲ್ಲಿ ಕೊನೆಯ ಬಸ್ ಹೋಗಿರುತ್ತದೆ, ಅದಕ್ಕೇ ಕಾರು ಬೇಕಾಯಿತು. (ಬಸ್ ಸಿಗುತ್ತಿದ್ದರೆ ಕಾರೇ ಬೇಡ, ಅದನ್ನೂ ಹೇಳಿಬಿಡುತ್ತೇನೆ.) ಸಿಕ್ಕಿದವರನ್ನೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಯಾವ ಮಾಡೆಲ್ ತಗೊಳ್ಳಲಿ? ಹತ್ತು ಜನ ಹತ್ತು ಹೆಸರು ಹೇಳಿದರು. ಅದರಲ್ಲಿ ಒಂದನ್ನು ಹಿಡಿದು ಹುಡುಕಿದೆ, ಸಿಕ್ಕಿತು, ನೋಡಲು ಹೋದೆ. ನಾನು ಹೋಗುವಷ್ಟರಲ್ಲಿ ಇಂಜಿನ್ ಬಿಸಿಯಾಗಿತ್ತು. "ನಿಮಗೋಸ್ಕರ ಸ್ಟಾರ್ಟ್ ಮಾಡಿಟ್ಟಿದ್ದೆ" ಅಂದರು ಮಾರುವವರು. ಎಂಥಾ ಒಳ್ಳೇ ಮನುಷ್ಯ ಅಂದುಕೊಂಡೆ ನಾನು. ಸರ್ವಿಸ್ ಬುಕ್ ಎಲ್ಲಿ ಅಂತ ಕೇಳಿದ್ದಕ್ಕೆ "ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು" ಅಂದರು. ಅದಕ್ಕೂ ತಲೆಯಾಡಿಸಿದೆ. ಪೇಂಟ್ ಫಳಫಳ ಹೊಳೆಯುತ್ತಿತ್ತು, ಸೀಟಿಗೆ ಹೊಸ ಕವರ್ ಹಾಕಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಸ್ಕೂಲಿನಲ್ಲೇ ಓದಿದ್ದು, ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ಒಂದು ಉಂಡೆ ನೀಲಿ ಹೊಗೆ ಬಂತು. ಒಂದೇ ಒಂದು ನಿಮಿಷ, ಆಮೇಲೆ ಮಾಯ. ನೀಲಿ ಹೊಗೆ ಅಂದರೆ ಇಂಜಿನ್ ಒಳಗೆ ಆಯಿಲ್ ಸುಡುತ್ತಿದೆ ಅಂತ. ಬಿಸಿಯಾದ ಮೇಲೆ ಅದು ಅಷ್ಟಾಗಿ ಕಾಣುವುದಿಲ್ಲ. ಆ "ಒಳ್ಳೇತನ" ಯಾಕೆ ಅಂತ ಆಗ ಗೊತ್ತಾಯಿತು. ಅದನ್ನು ಹೇಗೋ ಸಹಿಸಿಕೊಂಡೆ, ಆಗಾಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ ಆಯಿಲ್ ಹಾಕಿಕೊಂಡು ಓಡಿಸಿದೆ. ಐದು ತಿಂಗಳಾದ ಮೇಲೆ ಒಂದು ರಾತ್ರಿ, ಸಿಗ್ನಲ್ ದಾಟಿ ಮೂರನೇ ಗೇರ್‌ಗೆ ಬಂದಿದ್ದೆ ಅಷ್ಟೇ, ಟಪ್ ಅಂತ ಒಂದು ಸದ್ದು. ದೊಡ್ಡ ಸದ್ದೂ ಅಲ್ಲ, ಪೆನ್ಸಿಲ್ ಮುರಿದ ಹಾಗೆ. ಇಂಜಿನ್ ನಿಂತಿತು. ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ಮೋಟಾರ್ ಸಲೀಸಾಗಿ, ಏನೂ ಭಾರವೇ ಇಲ್ಲದ ಹಾಗೆ ಗಿರ್ರನೆ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಟೈಮಿಂಗ್ ಬೆಲ್ಟ್ ತುಂಡಾಗಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ, ಗಾಳಿ, ಹೊಗೆ ಹೋಗಿಬರುವ ಬಾಗಿಲಿನಂಥ ವಾಲ್ವ್‌ಗಳು ತೆರೆದು ಮುಚ್ಚುತ್ತವೆ. ಎರಡರ ತಾಳ ತಪ್ಪದಂತೆ ಕಟ್ಟಿಹಾಕುವುದು ಈ ರಬ್ಬರ್ ಪಟ್ಟಿ. ಅದು ಹರಿದರೆ ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವ್‌ಗೆ ಗುದ್ದುತ್ತದೆ, ವಾಲ್ವ್ ಬಗ್ಗುತ್ತದೆ. ಕಂಪನಿಗಳು ಇದನ್ನು ಮಾಡೆಲ್ ನೋಡಿ ಸಾಮಾನ್ಯವಾಗಿ 60 ಸಾವಿರದಿಂದ ಒಂದೂವರೆ ಲಕ್ಷ ಕಿ.ಮೀ. ಒಳಗೆ ಬದಲಾಯಿಸಿ ಅನ್ನುತ್ತವೆ, ಜೊತೆಗೆ ಇಷ್ಟು ವರ್ಷ ಅಂತಲೂ ಒಂದು ಗಡುವು ಇರುತ್ತದೆ, ಯಾಕೆಂದರೆ ಗಾಡಿ ಓಡದೆ ನಿಂತಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ನನ್ನ ಕಾರಿನ ಬೆಲ್ಟ್ ಯಾವಾಗ ಬದಲಾಗಿತ್ತು? ಅದು ಆ ಕಳೆದುಹೋದ ಸರ್ವಿಸ್ ಬುಕ್‌ನಲ್ಲಿ ಇರಬೇಕಿತ್ತು. ರಿಪೇರಿ ಖರ್ಚು ಕೇಳಿದರೆ ಕಾರು ಕೊಂಡದ್ದರ ಅರ್ಧಕ್ಕಿಂತ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಅದೇ. ಎಲ್ಲ ಕಾರಿಗೂ ಬೆಲ್ಟ್ ಇರುವುದಿಲ್ಲ, ಬಹಳಷ್ಟು ಇಂಜಿನ್‌ಗಳಿಗೆ ಚೈನ್ ಇರುತ್ತದೆ, ಅದು ಸಮಯಕ್ಕೆ ಸರಿಯಾಗಿ ಆಯಿಲ್ ಬದಲಾಯಿಸಿದರೆ ತುಂಬಾ ಕಾಲ ಬರುತ್ತದೆ. ಕೊಳ್ಳುವ ಮುಂಚೆ ಬೆಲ್ಟೋ ಚೈನೋ ಅಂತ ಕೇಳುವುದಕ್ಕೆ ಖರ್ಚಿಲ್ಲ, ನಾನು ಅದನ್ನೂ ಕೇಳಿರಲಿಲ್ಲ.

ಇಷ್ಟು ಪೆಟ್ಟು ತಿಂದ ಮೇಲೆ ನನಗೆ ಅನ್ನಿಸಿದ್ದು, ನಾನು ಕೇಳುತ್ತಿದ್ದ ಪ್ರಶ್ನೆಯೇ ತಪ್ಪು. ಯಾವ ಮಾಡೆಲ್ ಅನ್ನುವುದಕ್ಕಿಂತ ಈ ಒಂದು ಕಾರು ಇಷ್ಟು ದಿನ ಯಾರ ಕೈಯಲ್ಲಿತ್ತು, ಅವರು ಅದನ್ನು ಹೇಗೆ ನೋಡಿಕೊಂಡರು ಅನ್ನುವುದು ಮುಖ್ಯ. ಮಾಡೆಲ್ ವಿಷಯ ಪೂರ್ತಿ ಸುಳ್ಳಲ್ಲ. ಜಾಸ್ತಿ ಮಾರಾಟವಾದ, ಸಾದಾ ಇಂಜಿನ್‌ನ ಚಿಕ್ಕ ಕಾರು ತಗೊಂಡರೆ ಸ್ಪೇರ್ ಪಾರ್ಟ್ಸ್ ಸುಲಭವಾಗಿ ಸಿಗುತ್ತದೆ, ಯಾವ ಮೆಕ್ಯಾನಿಕ್ ಆದರೂ ಕೈ ಹಾಕುತ್ತಾನೆ. ಟೊಯೋಟಾ ಕೊರೊಲಾ 1966ರಲ್ಲಿ ಶುರುವಾಗಿ ಇವತ್ತಿಗೆ 5 ಕೋಟಿಗೂ ಹೆಚ್ಚು ಮಾರಾಟವಾಗಿದೆ, ಅಂಥ ಗಾಡಿಯ ಪಾರ್ಟ್ಸ್‌ಗೆ ಯಾರೂ ಪರದಾಡುವುದಿಲ್ಲ. ಆದರೆ ಅದೇ ಕಾರನ್ನೂ ಒಬ್ಬ ಆಯಿಲ್ ಬದಲಾಯಿಸದೆ ಓಡಿಸಿದ್ದರೆ ಹೆಸರು ಕಟ್ಟಿಕೊಂಡು ಏನು ಮಾಡುವುದು?

ಇದರ ಬಗ್ಗೆ ಅರ್ಥಶಾಸ್ತ್ರದಲ್ಲೇ ಒಂದು ಪಾಠ ಇದೆ ಅಂತ ಗೆಳೆಯನೊಬ್ಬ ಹೇಳಿದ. ಜಾರ್ಜ್ ಅಕರ್ಲಾಫ್ ಅನ್ನುವವರು 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಉದಾಹರಣೆ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಒಳ್ಳೇ ಕಾರಿಗೂ ಪೂರ್ತಿ ಬೆಲೆ ಕೊಡಲು ಹೆದರುತ್ತಾನೆ. ಆಗ ಒಳ್ಳೇ ಕಾರು ಇಟ್ಟುಕೊಂಡವರು ಇಷ್ಟು ಕಡಿಮೆಗೆ ಯಾಕೆ ಮಾರಬೇಕು ಅಂತ ಸುಮ್ಮನಾಗುತ್ತಾರೆ, ಮಾರುಕಟ್ಟೆಯಲ್ಲಿ ಉಳಿಯುವುದು ಹುಳುಕಿನದೇ ಜಾಸ್ತಿ. ಈ ಕೆಲಸಕ್ಕೆ ಅವರಿಗೆ 2001ರಲ್ಲಿ, ಇನ್ನಿಬ್ಬರ ಜೊತೆ, ನೊಬೆಲ್ ಬಂತು. ನನಗೆ ಬಂದದ್ದು ಗ್ಯಾರೇಜ್ ಬಿಲ್.

ಈ ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳುವುದೇ ಇಡೀ ಆಟ. ಅದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಎರಡನೇ ಸಲ ಕಾರು ನೋಡಲು ಹೋದಾಗ ನಾನು ಮೊದಲು ಮಾಡಿದ ಕೆಲಸ ಬಾನೆಟ್ ಮೇಲೆ ಕೈ ಇಟ್ಟದ್ದು. ಒಂದು ಕಡೆ ಬಿಸಿ ಇತ್ತು, "ಸಂಜೆ ಬರ್ತೀನಿ, ಸ್ಟಾರ್ಟ್ ಮಾಡಬೇಡಿ" ಅಂದೆ. ಅವರು ಮತ್ತೆ ಫೋನ್ ಎತ್ತಲಿಲ್ಲ. ಇನ್ನೊಂದು ಕಡೆ ಓಡೋಮೀಟರ್ (ಕಾರು ಒಟ್ಟು ಎಷ್ಟು ಕಿ.ಮೀ. ಓಡಿದೆ ಅಂತ ತೋರಿಸುವ ಮೀಟರ್) ತುಂಬಾ ಕಡಿಮೆ ತೋರಿಸುತ್ತಿತ್ತು, ಆದರೆ ಕ್ಲಚ್ ಪೆಡಲ್‌ನ ರಬ್ಬರ್ ಸವೆದು ಗೆರೆಗಳೇ ಅಳಿಸಿಹೋಗಿದ್ದವು, ಸ್ಟೇರಿಂಗ್ ಮೇಲೆ ಎರಡು ಕೈ ಹಿಡಿಯುವ ಜಾಗ ನುಣ್ಣಗೆ ಮಿಂಚುತ್ತಿತ್ತು. ಮೀಟರ್ ತಿರುಗಿಸಬಹುದು, ಪೆಡಲ್ ಸುಳ್ಳು ಹೇಳುವುದಿಲ್ಲ. ನೀರಿನಲ್ಲಿ ಮುಳುಗಿದ ಕಾರು ಅನ್ನುವ ಅನುಮಾನ ಬಂದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಕಾರ್ಪೆಟ್ ತೊಳೆದಿರುತ್ತಾರೆ, ಸೀಟ್ ಒರೆಸಿರುತ್ತಾರೆ, ಒಳಗೆ ಸುತ್ತಿಕೊಂಡಿರುವ ಬೆಲ್ಟಿನ ಕೊನೆಯ ಒಂದಡಿಯ ಕೆಸರಿನ ಕಲೆ ಮಾತ್ರ ಎಷ್ಟೋ ಸಲ ಹಾಗೇ ಉಳಿದಿರುತ್ತದೆ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರ್ ಮೇಲಿನ ಗೀರುಗಳು ಸವೆಯದೆ ಚೆನ್ನಾಗಿದ್ದರೂ ಟೈರ್ ಮುದಿಯಾಗಿರಬಹುದು.

ಇನ್ನೊಂದು ಚಾಲಾಕಿ ಇದೆ, ಇದು ನನಗೆ ಒಬ್ಬ ಮೆಕ್ಯಾನಿಕ್ ಅಣ್ಣ ಹೇಳಿಕೊಟ್ಟದ್ದು. ಕೀ ಆನ್ ಮಾಡಿದ ಕೂಡಲೇ ಇಂಜಿನ್ ಚಿತ್ರದ ಎಚ್ಚರಿಕೆ ದೀಪ ಒಮ್ಮೆ ಹತ್ತಬೇಕು, ಇಂಜಿನ್ ಶುರುವಾದ ಮೇಲೆ ಆರಬೇಕು. ಹತ್ತುವುದೇ ಇಲ್ಲ ಅಂದರೆ ಯಾರೋ ದೀಪವನ್ನೇ ಕೆಲಸ ಮಾಡದ ಹಾಗೆ ಮಾಡಿರಬಹುದು. ಅದೂ ಅಲ್ಲದೆ, ನೀವು ಬರುವ ಸ್ವಲ್ಪ ಮುಂಚೆ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸಿ ದೋಷ ಓದುವ ಸಾಧನ) ಹಾಕಿ ದೋಷದ ಕೋಡ್‌ಗಳನ್ನು ಅಳಿಸಿದ್ದರೆ, ದೋಷ ಇದ್ದರೂ ದೀಪ ಒಮ್ಮೆ ಹತ್ತಿ ಸರಿಯಾಗಿಯೇ ಆರಿಬಿಡುತ್ತದೆ. ಆದರೆ ಹಾಗೆ ಅಳಿಸಿದಾಗ ಕಾರಿನ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಶುರುಮಾಡುತ್ತದೆ, ಅವು ಮುಗಿಯಲು ಒಂದಷ್ಟು ಓಡಬೇಕು. ನಾವೂ ಅಂಥದೇ ಸ್ಕ್ಯಾನರ್ (ಓಬಿಡಿ ಸ್ಕ್ಯಾನರ್ ಅನ್ನುತ್ತಾರೆ) ಸಿಕ್ಕಿಸಿ ನೋಡಿದರೆ "ಪರೀಕ್ಷೆ ಇನ್ನೂ ಮುಗಿದಿಲ್ಲ" ಅಂತ ಸಾಲಾಗಿ ತೋರಿಸುತ್ತದೆ. ದಿನಾ ಓಡುವ ಕಾರು ಅಂತ ಹೇಳಿ ಹೀಗೆ ತೋರಿಸಿದರೆ ಕೇಳಬೇಕು, ಯಾಕಪ್ಪಾ ಅಂತ. ಬ್ಯಾಟರಿ ಬದಲಾಯಿಸಿದ್ದೆವು ಅನ್ನುತ್ತಾರೆ, ಬ್ಯಾಟರಿ ತೆಗೆದರೂ ಹೀಗಾಗುತ್ತದೆ, ಇರಬಹುದು, ಎರಡು ದಿನ ಬಿಟ್ಟು ಮತ್ತೆ ಹೋಗಿ ನೋಡಿ.

ಇದೆಲ್ಲ ನಮಗೆ ಆಗದಿದ್ದರೆ, ಮಾರುವವರಿಗೆ ಸಂಬಂಧವೇ ಇಲ್ಲದ ಒಬ್ಬ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸುವುದು. ಲಿಫ್ಟ್ ಮೇಲೆ ಏರಿಸಿ ಅಡಿಯಿಂದ ನೋಡಿಸಬೇಕು, ತುಕ್ಕು, ಆಯಿಲ್ ಸೋರಿಕೆ ಎಲ್ಲ ಅಲ್ಲೇ ಕಾಣುವುದು. "ಗ್ಯಾರೇಜಿಗೆ ತಗೊಂಡು ಹೋಗಲು ಬಿಡಲ್ಲ" ಅಂತ ಮಾರುವವರು ಅಂದರೆ ನಮಸ್ಕಾರ ಹೇಳಿ ಬಂದುಬಿಡಿ. ನನ್ನ ಕ್ಲಾಸಿನಲ್ಲೇ ಎಷ್ಟು ಜನ ಫೋನ್ ಕೊಳ್ಳಲು ಒಂದು ತಿಂಗಳು ವಿಡಿಯೋ ನೋಡುತ್ತಾರೆ, ಕಾರು ಕೊಳ್ಳುವಾಗ ಮಾತ್ರ ಅರ್ಧ ಗಂಟೆಯಲ್ಲಿ ಅಡ್ವಾನ್ಸ್ ಕೊಟ್ಟು ಬರುತ್ತಾರೆ.

ಡೀಸೆಲ್ ಬಗ್ಗೆ ಒಂದು ಮಾತು. ಮೈಲೇಜ್ ಜಾಸ್ತಿ ಅಂತ ನಮ್ಮ ಹುಡುಗರು ಹಳೇ ಡೀಸೆಲ್ ಕಾರಿನ ಹಿಂದೆ ಬೀಳುತ್ತಾರೆ. ನಾವು ಓಡಿಸುವುದು ಎಷ್ಟು? ರೂಮಿಂದ ಕ್ಯಾಂಪಸ್‌ಗೆ, ಕ್ಯಾಂಪಸ್‌ನಿಂದ ಕೆಲಸಕ್ಕೆ, ನಾಲ್ಕೈದು ಕಿ.ಮೀ. ಈಚಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯಲು ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಇಂಜಿನ್ ಸರಿಯಾಗಿ ಬಿಸಿಯಾಗುವ ಮುಂಚೆಯೇ ನಾವು ಪಾರ್ಕ್ ಮಾಡಿರುತ್ತೇವೆ. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಹೊಸದು ಹಾಕಿಸಲು ಹೋದರೆ ವರ್ಷಗಟ್ಟಲೆ ಉಳಿಸಿದ ಡೀಸೆಲ್ ದುಡ್ಡು ಒಂದೇ ದಿನ ಹೋಗುತ್ತದೆ. ದಿನಾ ಹೆದ್ದಾರಿಯಲ್ಲಿ ಐವತ್ತು ಕಿ.ಮೀ. ಓಡುವವರ ಲೆಕ್ಕ ಬೇರೆ. ವಿದ್ಯಾರ್ಥಿಗೆ ಸಾದಾ ಪೆಟ್ರೋಲ್ ಕಾರು ಸಾಕು ಅನ್ನುವುದು ನನ್ನ ಅಭಿಪ್ರಾಯ. ಡೀಸೆಲ್ ಪ್ರೇಮಿಗಳು ಬೈಯಲಿ ಪರವಾಗಿಲ್ಲ.

ದುಡ್ಡಿನ ವಿಷಯ. ಕೈಯಲ್ಲಿರುವುದನ್ನೆಲ್ಲ ಸುರಿದು ಕಾರು ಕೊಳ್ಳಬೇಡಿ. ನಾನು ಮಾಡಿದ್ದು ಅದನ್ನೇ, ಬೆಲ್ಟ್ ಹರಿದಾಗ ಜೇಬಿನಲ್ಲಿ ಏನೂ ಉಳಿದಿರಲಿಲ್ಲ. ಇರುವುದರಲ್ಲಿ ಮೂರರಲ್ಲಿ ಒಂದು ಪಾಲು ಬದಿಗಿಟ್ಟು, ಉಳಿದದ್ದರಲ್ಲಿ ಏನು ಬರುತ್ತದೋ ಅದನ್ನು ನೋಡಿ. ಮೊದಲ ತಿಂಗಳೇ ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್, ಇಂಜಿನ್ ತಣ್ಣಗಿಡುವ ಕೂಲಂಟ್, ಬೇಕಾದರೆ ಬೆಲ್ಟ್ ಎಲ್ಲ ಬದಲಾಯಿಸಿಬಿಟ್ಟರೆ ಅಲ್ಲಿಂದ ಮುಂದೆ ಲೆಕ್ಕ ನಮ್ಮದು. ಇನ್ಶೂರೆನ್ಸ್ ಎಷ್ಟು ಅಂತಲೂ ಕೊಳ್ಳುವ ಮುಂಚೆಯೇ ಕೇಳಿ, ಎಷ್ಟೋ ದೇಶಗಳಲ್ಲಿ ಹೊಸದಾಗಿ ಲೈಸೆನ್ಸ್ ತಗೊಂಡ ಹುಡುಗರಿಗೆ ಅದೇ ದೊಡ್ಡ ಹೊರೆ, ಅದರಲ್ಲೂ ದೊಡ್ಡ ಇಂಜಿನ್ ಆದರೆ ಕೇಳುವುದೇ ಬೇಡ.

ಅಗ್ಗ ಅಂತ ಸುರಕ್ಷತೆ ಬಿಡುವುದು ಮಾತ್ರ ಬೇಡ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಏರ್‌ಬ್ಯಾಗ್ ಇರಲಿ. ಜಾರುವ ರಸ್ತೆಯಲ್ಲಿ ಗಾಡಿ ತಿರುಗಿಹೋಗದಂತೆ ತಡೆಯುವ ಇಎಸ್‌ಸಿ ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದಲ್ಲಿ ಅದನ್ನು 2012ರ ಮಾಡೆಲ್‌ಗಳಿಂದ ಕಡ್ಡಾಯ ಮಾಡಿದರು, ಹಾಗಾಗಿ ಹಳೇ ಕಾರುಗಳಲ್ಲೂ ಅದು ಸಿಗುತ್ತದೆ. ಕ್ರ್ಯಾಶ್ ಟೆಸ್ಟ್ ಸ್ಟಾರ್ (ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಕೊಡುವ ಅಂಕ) ನೋಡುವಾಗ ಯಾವ ವರ್ಷದ್ದು ಅಂತ ನೋಡಿ, ಪರೀಕ್ಷೆ ವರ್ಷದಿಂದ ವರ್ಷಕ್ಕೆ ಬಿಗಿಯಾಗಿದೆ, ಅಂದಿನ ಐದು ಸ್ಟಾರ್ ಇಂದಿನ ಐದು ಸ್ಟಾರ್ ಅಲ್ಲ. ಮತ್ತೆ ರೀಕಾಲ್, ಅಂದರೆ ತಯಾರಿಕೆಯಲ್ಲಾದ ದೋಷ ಸರಿಪಡಿಸಲು ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಯುವುದು. ತಕಾಟಾ ಕಂಪನಿಯ ಏರ್‌ಬ್ಯಾಗ್ ಸಿಡಿದಾಗ ಲೋಹದ ಚೂರು ಹಾರುತ್ತಿದ್ದವು ಅಂತ ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳನ್ನು ವಾಪಸ್ ಕರೆದರು. ಕೈ ಬದಲಾದ ಹಳೇ ಕಾರುಗಳಿಗೆ ಇಂಥ ಸುದ್ದಿ ಎಷ್ಟೋ ಸಲ ತಲುಪುವುದೇ ಇಲ್ಲ. ಗಾಡಿಯ 17 ಅಕ್ಷರ-ಅಂಕಿಯ ಚಾಸಿ ನಂಬರ್ ಕೊಟ್ಟು ಆ ಕಂಪನಿಯ ಶೋರೂಮಿನಲ್ಲಿ ವಿಚಾರಿಸಿದರೆ ಬಾಕಿ ರೀಕಾಲ್ ಇದೆಯಾ ಅಂತ ಹೇಳುತ್ತಾರೆ. ಏರ್‌ಬ್ಯಾಗ್‌ನಂಥ ರೀಕಾಲ್ ಇದ್ದರೆ ರಿಪೇರಿಗೆ ದುಡ್ಡು ಕೇಳುವುದಿಲ್ಲ.

ಈಗ ನಿಮ್ಮಲ್ಲಿ ಕೇಳುವುದು ಇಷ್ಟೇ. ವಾಹನ ಪುಟದಲ್ಲಿ ವಾರಕ್ಕೆ ಒಂದು ಕಾಲಂ ಹಳೇ ಕಾರಿಗೆ ಬಿಡಿ. ಎಂಟು ವರ್ಷದ ಹಿಂದೆ ನೀವೇ ಹೊಗಳಿ ಬರೆದ ಕಾರು ಈಗ ಹೇಗಿದೆ, ಯಾವ ಕಿ.ಮೀ.ಗೆ ಏನು ಕೈಕೊಡುತ್ತದೆ, ಅದನ್ನು ಹತ್ತಾರು ವರ್ಷದಿಂದ ರಿಪೇರಿ ಮಾಡುತ್ತಿರುವವರು ಏನನ್ನುತ್ತಾರೆ, ಅದನ್ನು ಬರೆಯಿರಿ. ಮೊದಲ ವಾರ ಏನು ಹಾಕುವುದು ಅಂತ ತಲೆ ಕೆಡಿಸಿಕೊಳ್ಳಬೇಡಿ, ಟೈಮಿಂಗ್ ಬೆಲ್ಟ್‌ನಿಂದ ಶುರುಮಾಡಿ. ತುಂಡಾದ ನನ್ನ ಬೆಲ್ಟ್ ಇನ್ನೂ ಟೇಬಲ್ ಡ್ರಾಯರ್‌ನಲ್ಲಿದೆ, ಹಲ್ಲು ಉದುರಿ ಅಂಚು ನೂಲುನೂಲಾಗಿದೆ. ಫೋಟೋ ಬೇಕಾದರೆ ಕಳಿಸುತ್ತೇನೆ.

ಇತಿ,
ನಿಮ್ಮ ವಾಹನ ಪುಟದ ಕಾಯಂ ಓದುಗ, ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ