ಇಸ್ತ್ರಿ ಪೆಟ್ಟಿಗೆ ಉಳಿಸಿಕೊಟ್ಟ ವಿಮಾನಗಳು

ಅಪ್ಪನ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದಿದ್ದ ಕೊನೆ ಸಾಲು ಹೋದ ವಾರ ತುಂಬಿತು. ಕೆನಡಾದ ಒಟ್ಟಾವಾ ಮ್ಯೂಸಿಯಮ್ಮಿನಲ್ಲಿ ನಿಂತಿರುವ ಲಿಬರೇಟರ್ ಅನ್ನೋ ಹಳೇ ಬಾಂಬರ್ ವಿಮಾನದ ಫೋಟೊ ಬಂತು. ನಾಲ್ಕು ಇಂಜಿನ್, ಜೋಡಿ ಬಾಲ. ಹನ್ನೊಂದು ವರ್ಷದ ಹುಡುಕಾಟ ಮುಗೀತು. ನೋಟ್‌ಬುಕ್ಕನ್ನು ಟೈಪ್ ಮಾಡಿಸಿ, ಫೋಟೊ ಸೇರಿಸಿ, ಇಪ್ಪತ್ತು ಪ್ರತಿ ಬೈಂಡ್ ಮಾಡಿಸಿದ್ದೇನೆ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು.

ಅಪ್ಪನ ಕೊನೆ ತಿಂಗಳುಗಳ ಕತೆ ಇಲ್ಲಿ ಬರೆಯಲ್ಲ. ಅವರನ್ನು ಅರಿಯದವರಿಗೆ ಇಷ್ಟು ಸಾಕು. ಮದ್ದೂರು ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ, ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ (ಈಗಿನ ಎಚ್‌ಎಎಲ್) ಫಿಟ್ಟರ್ ಆದವರು ನಮ್ಮಪ್ಪ. ಕೈ ಹಾಕಿದ ವಿಮಾನಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಆ ಜಾತಿಯವು ಈಗ ಪ್ರಪಂಚದಲ್ಲಿ ಎಲ್ಲೆಲ್ಲಿ ಉಳಿದಿವೆ ಅಂತ ಹುಡುಕುವುದು ನನ್ನ ಹುಚ್ಚು.

ಅಪ್ಪನ ಪ್ರೀತಿ ಲಿಬರೇಟರ್ ಮೇಲೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಅವನ್ನು ಬೇಕಂತಲೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ನಮ್ಮವರು ಅಲ್ಲೇ ಹಾರುವಷ್ಟು ಸರಿಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಸುಮಾರು 40 ವಿಮಾನಗಳಿಗೆ ಜೀವ ಕೊಟ್ಟರು. ನಮ್ಮ ವಾಯುಪಡೆ ಅವನ್ನು 1968ರವರೆಗೂ ಹಾರಿಸಿತು. ಅಷ್ಟು ಹೊತ್ತಿಗೆ ಬೇರೆ ದೇಶಗಳಲ್ಲಿ ಹೆಚ್ಚಿನವು ಗುಜರಿಗೆ ಹೋಗಿಬಿಟ್ಟಿದ್ದವು. 18 ಸಾವಿರಕ್ಕೂ ಜಾಸ್ತಿ ತಯಾರಾಗಿದ್ದ ಆ ವಿಮಾನ ಇವತ್ತು ಬೆರಳೆಣಿಕೆಯಷ್ಟಿದೆ. ದೆಹಲಿಯ ಪಾಲಂನಲ್ಲಿ ಒಂದಿದೆ. ಒಟ್ಟಾವಾದ್ದು, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಮ್ಮಿನದು, ಬ್ರಿಟನ್ನಿನ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಮ್ಮಿನದು, ಎಲ್ಲವೂ ಇಲ್ಲಿಂದ ಹೋದವೇ. "ಅವರು ಕೆಡಿಸಿ ಬಿಸಾಕಿದ್ದನ್ನ ನಾವು ರಿಪೇರಿ ಮಾಡಿ ಅವರಿಗೇ ಕೊಟ್ವಿ ಕಣವ್ವ" ಅಂತ ಅಪ್ಪ ನಗುತ್ತಿದ್ದರು.

ಪಾಲಂಗೆ ಕರೆದುಕೊಂಡು ಹೋದ ಭಾವನಿಗೆ, ಜರ್ಮನಿಯ ಶ್ಲೈಸ್‌ಹೈಮ್‌ನಲ್ಲಿರುವ ನಮ್ಮ ಮರುತ್ ಯುದ್ಧವಿಮಾನದ ಫೋಟೊ ತೆಗೆದ ನನ್ನ ಹಳೇ ಶಿಷ್ಯನಿಗೆ, 1951ರ ಆಗಸ್ಟ್ 5ರಂದು ಮೊದಲ ಸಲ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಬಗ್ಗೆ ತಾಳ್ಮೆಯಿಂದ ಉತ್ತರ ಬರೆದ ಅಪ್ಪನ ಸಹೋದ್ಯೋಗಿಗಳಿಗೆ, ಗುರುತು ಪರಿಚಯ ಇಲ್ಲದೆಯೂ ಅರಿಜೋನಾದ ಬಿಸಿಲಲ್ಲಿ ನನಗೋಸ್ಕರ ನಡೆದವರಿಗೆ ದೊಡ್ಡ ನಮಸ್ಕಾರ.

ಇನ್ನು ನಮ್ಮ ರಸ್ತೆಯ ಇಸ್ತ್ರಿ ಅಕ್ಕ.

ಸರಸ್ವತಿಪುರಂನಲ್ಲಿ ನಮ್ಮ ಮನೆ ಮುಂದಿನ ಹೊಂಗೆ ಮರದ ಕೆಳಗೆ ಅವರ ಗಾಡಿ. ಅಪ್ಪನ ತಿಥಿ ಮುಗಿದು ಹತ್ತು ದಿನವೂ ಆಗಿರಲಿಲ್ಲ. ಅಕ್ಟೋಬರ್ ಮಳೆ. ತಾರಸಿ ರಿಪೇರಿಯನ್ನು ನಾನೇ ಮುಂದೂಡುತ್ತಾ ಬಂದಿದ್ದೆ. ಸಜ್ಜಾ ಮೇಲಿನ ಟ್ರಂಕಿಗೆ ನೀರು ಇಳಿದಿತ್ತು. ನೋಟ್‌ಬುಕ್, ಪತ್ರ, ಫೋಟೊ ಎಲ್ಲ ಒಂದೇ ಮುದ್ದೆ. ಕರೆಂಟೂ ಇಲ್ಲ. ರಾತ್ರಿ ಎಂಟಕ್ಕೆ ಬಟ್ಟೆ ಗಂಟು ಕೊಡಲು ಬಂದ ಅಕ್ಕ ಬಾಗಿಲಲ್ಲೇ ನಿಂತು ನೋಡಿದರು. ಏನೂ ಕೇಳದೆ ಹೋದರು. ವಾಪಸ್ ಬಂದಾಗ ಕೈಯಲ್ಲಿ ಇದ್ದಿಲ ಇಸ್ತ್ರಿ ಪೆಟ್ಟಿಗೆ.

ನಾನು ಅಂಟಿಕೊಂಡ ಫೋಟೊಗಳನ್ನು ಕೀಳುತ್ತಾ ಕೂತಿದ್ದೆ. "ಎಳೀಬ್ಯಾಡಿ ಟೀಚರ್, ನೀರ್ಗಾಕಿ. ಅದಾಗದೇ ಬುಟ್ಕತದೆ" ಅಂದರು. ಟಬ್ಬಿನಲ್ಲಿ ತೇಲಿಬಿಟ್ಟೆವು. ನಿಜವಾಗಿಯೂ ಒಂದೊಂದೇ ಬಿಡಿಸಿಕೊಂಡವು. ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದೆವು. ನೋಟ್‌ಬುಕ್ಕಿನ ಹಾಳೆಗಳನ್ನು ಮಾತ್ರ ಅವರು ನನಗೆ ಮುಟ್ಟಿಸಲಿಲ್ಲ. ಅಪ್ಪನ ಹಳೇ ಪಂಚೆ ಎರಡು ಮಡಿಕೆ ಹಾಸಿ, ಹಾಳೆ ಇಟ್ಟು, ಮೇಲೆ ಇನ್ನೊಂದು ಮಡಿಕೆ. ಪ್ರತಿ ಸಲ ಒದ್ದೆ ಬೆರಳಲ್ಲಿ ಪೆಟ್ಟಿಗೆಯ ತಳ ಮುಟ್ಟಿ ನೋಡುವರು. ಚುರ್ ಅಂದರೆ ಪಕ್ಕಕ್ಕಿಟ್ಟು ಕಾಯುವರು. ನಾನು ಇಂಕಿನಲ್ಲಿ ಬರೆದಿದ್ದೆಲ್ಲ ಕದಡಿ ನೀಲಿಯಾಗಿತ್ತು. ಅಪ್ಪನ ಪೆನ್ಸಿಲ್ ಅಕ್ಷರ ಒಂದೂ ಅಲ್ಲಾಡಿರಲಿಲ್ಲ.

ತಿಥಿ ದಿನ ಅಳದವಳು ಆ ಅಕ್ಷರ ನೋಡಿ ಬಚ್ಚಲ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಜೋರಾಗಿ, ಮಗು ತರ. ಅಕ್ಕ ಸಮಾಧಾನ ಹೇಳಲಿಲ್ಲ. ಸುಮ್ನೆ ಕೆಂಡ ಊದುತ್ತಾ ಕೂತರು. ಎಷ್ಟೋ ಹೊತ್ತಾದ ಮೇಲೆ "ಮುಂದ್ಲು ಆಳೆ ಕೊಡಿ" ಅಂದರು. ಕೊಟ್ಟೆ.

ಬೆಳಗಿನ ಜಾವ ಹಗ್ಗದ ಮೇಲಿನ ಲಿಬರೇಟರ್ ನೋಡಿ, "ಇಷ್ಟು ದೊಡ್ಡದ ನಿಮ್ಮಪ್ಪಾರು ಒಬ್ರೇ ರಿಪೇರಿ ಮಾಡುದ್ರಾ?" ಅಂತ ಕೇಳಿದರು. ನೂರಾರು ಜನ ಸೇರಿ ಮಾಡಿದ್ದು ಅನ್ನಬೇಕಿತ್ತು. ಹೂಂ ಅಂದುಬಿಟ್ಟೆ. ಇವತ್ತಿಗೂ ತಿದ್ದಿಲ್ಲ.

ದುಡ್ಡು ಕೊಡಲು ಹೋದರೆ ಇದ್ದಿಲಿಗೆ ಅಂತ ನಲವತ್ತು ರೂಪಾಯಿ ತೆಗೆದುಕೊಂಡು ಉಳಿದದ್ದನ್ನು ಟೇಬಲ್ ಮೇಲೆ ಇಟ್ಟರು. ಏಳು ಗಂಟೆಗೆ ಎಂದಿನಂತೆ ಗಾಡಿ ಹತ್ತಿರ ಇದ್ದರು.

ಮೊನ್ನೆ ಭಾನುವಾರ ಬೈಂಡ್ ಮಾಡಿಸಿದ ಮೊದಲ ಪ್ರತಿ ಅವರಿಗೆ ಕೊಟ್ಟೆ. ಕೈ ಒರೆಸಿಕೊಂಡು ಒಂದೊಂದೇ ಪುಟ ತಿರುಗಿಸಿದರು. ಆ ರಾತ್ರಿಯ ಹಾಳೆಯ ಚಿತ್ರ ಬಂದ ಕಡೆ ನಿಂತರು. ಮೂಲೆಯಲ್ಲೊಂದು ಸುಕ್ಕು ಹಾಗೇ ಅಚ್ಚಾಗಿದೆ. ಅದರ ಮೇಲೆ ಹೆಬ್ಬೆಟ್ಟು ಆಡಿಸಿ, "ಇಲ್ಲಿ ಇನ್ನೊಂದ್ ಸಲ ಉಜ್ಜಬೇಕಿತ್ತು ಟೀಚರ್" ಅಂದರು.