ಈ ಸಲದ ಚಕ್ಕುಲಿ ನಾನೇ ಒತ್ತಿದೆ

ಈ ಅಷ್ಟಮಿಗೆ ನಮ್ಮ ಮನೆಯ ಚಕ್ಕುಲಿಯನ್ನೆಲ್ಲ ನಾನೊಬ್ಬಳೇ ಒತ್ತಿದೆ. ಉಡುಪಿಯಲ್ಲಿ ಅಷ್ಟಮಿ ಅಂದ್ರೆ ಮನೆಮನೆಯಲ್ಲೂ ಉಂಡೆ, ಚಕ್ಕುಲಿ. ಅದರಲ್ಲೇನು ವಿಶೇಷ ಅಂತ ನಿಮಗೆ ಅನಿಸಬಹುದು. ಕಳೆದ ವರ್ಷ ಇದೇ ಕೆಲಸಕ್ಕೆ ಕೂತಾಗ ನಾಲ್ಕನೇ ಚಕ್ಕುಲಿಗೆ ಬಲಗೈಯ ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಜೋಮು ಹಿಡಿಯಿತು. ಚಕ್ಕುಲಿ ಒರಳು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅತ್ತೆ ಏನೂ ಹೇಳಲಿಲ್ಲ. ಒರಳು ತೊಳೆದು ತಂದು ತಾವೇ ಒತ್ತಲು ಕೂತರು. ಅವರಿಗೆ ಆಗ 71 ವರ್ಷ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಇವತ್ತು ಸೆಪ್ಟೆಂಬರ್ 8, ವಿಶ್ವ ಫಿಸಿಯೋಥೆರಪಿ ದಿನ. ಈ ಒಂದು ವರ್ಷದಲ್ಲಿ ನನ್ನ ಕೈ, ನನ್ನ ಕುತ್ತಿಗೆ ನನಗೆ ವಾಪಸ್ ಸಿಗುವಂತೆ ಮಾಡಿದವರಿಗೆ ಎಲ್ಲರ ಎದುರು ಕೈಮುಗಿಯಬೇಕು ಅಂತ ತುಂಬ ದಿನದಿಂದ ಇತ್ತು.

ನಾನು ಕೆಲಸ ಮಾಡುವುದು ಒಂದು ಲೆಕ್ಕಪತ್ರದ ಆಫೀಸಿನಲ್ಲಿ. ಹದಿನಾರು ವರ್ಷ ಆಯ್ತು. ನಮಗೆ ತಿಂಗಳಲ್ಲಿ ಎರಡು ತಾರೀಕು ಮುಖ್ಯ, 11 ಮತ್ತು 20. ಜಿಎಸ್‌ಟಿ ರಿಟರ್ನ್ ತುಂಬುವ ಕಡೆಯ ದಿನಗಳು. ಸೆಪ್ಟೆಂಬರ್ ಬಂತೆಂದರೆ ಆಡಿಟ್ ಬೇರೆ. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಊಟಕ್ಕೆ ಏಳುವುದು, ಮತ್ತೆ ಕೂರುವುದು. ಕುತ್ತಿಗೆ ಹಿಡಿದುಕೊಂಡರೆ ದಿಂಬು ಸರಿ ಇಲ್ಲ ಅಂದುಕೊಂಡೆ. ಭುಜ ನೋಯುವಾಗ ಬಸ್ಸಿನ ಕಿಟಕಿ ಗಾಳಿ ಅಂದುಕೊಂಡೆ. ಆಮೇಲೆ ರಾತ್ರಿ ಎರಡು ಗಂಟೆಗೆ ಕೈ ಮರಗಟ್ಟಿ ಎಚ್ಚರ ಆಗತೊಡಗಿತು. ಎದ್ದು ಕೂತು ಕೈ ಕೊಡವಿದರೆ ಮಾತ್ರ ಸಮಾಧಾನ.

ಮೊದಲು ಹೋದ ಕಡೆ ನೋವಿನ ಮಾತ್ರೆ ಮತ್ತು ಕುತ್ತಿಗೆಗೆ ಪಟ್ಟಿ ಕೊಟ್ಟರು. ಎಷ್ಟು ದಿನ ಅಂತ ಹೇಳಲಿಲ್ಲ. ನಾನು ಎರಡು ತಿಂಗಳು ಹಾಕಿಕೊಂಡೆ. ಹೊಟ್ಟೆ ಉರಿ ಶುರುವಾಯಿತೇ ಹೊರತು ನೋವು ಕಮ್ಮಿ ಆಗಲಿಲ್ಲ. ಕೊನೆಗೆ ನವೆಂಬರಿನಲ್ಲಿ ಇನ್ನೊಬ್ಬ ಎಲುಬಿನ ಡಾಕ್ಟ್ರ ಹತ್ತಿರ ಹೋದೆವು. ಅವರಿಗೆ ನನ್ನ ಮೊದಲ ನಮಸ್ಕಾರ. ಕೈಯ ಬಲ ನೋಡಿದರು, ನರದ ಪರೀಕ್ಷೆ ಬರೆದರು, ಥೈರಾಯ್ಡ್ ಮತ್ತು ಶುಗರ್ ಕೂಡ ನೋಡಿಸಿದರು. ಅವು ಹೆಚ್ಚುಕಮ್ಮಿ ಇದ್ದರೂ ಹೀಗೆ ಕೈ ಜೋಮು ಹಿಡಿಯುತ್ತದಂತೆ. ಮಣಿಗಂಟಿನಲ್ಲಿ ನರಕ್ಕೆ ಒತ್ತಡ ಬೀಳುತ್ತಿದೆ, ಆದರೆ ಇನ್ನೂ ಹಗುರ ಹಂತ, ಆಪರೇಷನ್ ಬೇಡ ಅಂದರು. ಕುತ್ತಿಗೆ, ಭುಜದ್ದು ಸ್ನಾಯುವಿನ ನೋವು. ರಾತ್ರಿ ಮಣಿಗಂಟು ಮಡಚದ ಹಾಗೆ ಒಂದು ಪಟ್ಟಿ ಕಟ್ಟಿಕೊಳ್ಳಲು ಹೇಳಿ, ಫಿಸಿಯೋಥೆರಪಿಗೆ ಚೀಟಿ ಕೊಟ್ಟರು.

ಈಗ ಫಿಸಿಯೋಥೆರಪಿ ಮಾಡಿದ ಮೇಡಂ ಬಗ್ಗೆ. ಹೆಸರು ಬರೆಯಬೇಡಿ ಅಂದಿದ್ದಾರೆ, ಹಾಗಾಗಿ ಮೇಡಂ ಅಂತಲೇ ಬರೆಯುತ್ತೇನೆ.

ಫಿಸಿಯೋಥೆರಪಿ ಅಂದರೆ ಶಾಖ, ಕರೆಂಟು, ಸ್ವಲ್ಪ ತಿಕ್ಕುವುದು ಅಂತ ನಾನು ತಿಳಿದಿದ್ದೆ. ಮೊದಲ ದಿನ ಅವರು ಯಾವ ಮೆಷಿನ್ನೂ ಮುಟ್ಟಲಿಲ್ಲ. ಎರಡೂ ಕೈಯ ಹಿಂಬದಿ ಒಂದಕ್ಕೊಂದು ತಾಗಿಸಿ, ಬೆರಳು ಕೆಳಗೆ ಮಾಡಿ ಒಂದು ನಿಮಿಷ ಹಿಡಿಯಿರಿ ಅಂದರು. ಗಡಿಯಾರ ನೋಡುತ್ತಾ ನಿಂತರು. ಅರ್ಧ ನಿಮಿಷಕ್ಕೇ ಬೆರಳು ಜುಮುಜುಮು ಅನ್ನತೊಡಗಿತು. ಆಮೇಲೆ ಬೆನ್ನ ಹಿಂದೆ ನಿಂತು, ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಜಾಗದಲ್ಲಿ ಬೆರಳಿಟ್ಟು "ಇಲ್ಲಿ ಗಂಟು ಉಂಟಲ್ವಾ?" ಅಂದರು. ಒತ್ತಿದ ಕೂಡಲೇ ನೋವು ತಲೆಯ ಹಿಂಬದಿಗೆ ಹೋಯಿತು. ಇಷ್ಟು ದಿನ ನನ್ನ ಮಾತಿಗೆ ಸಾಕ್ಷಿಯೇ ಇರಲಿಲ್ಲ. ಅವರ ಬೆರಳಿಗೆ ಸಿಕ್ಕಿತು. ಕಣ್ಣಲ್ಲಿ ನೀರು ಬಂತು.

ಕೊನೆಗೆ ಒಂದು ಕೆಲಸ ಹೇಳಿದರು. "ನಾಳೆ ಆಫೀಸಿನಲ್ಲಿ ನೀವು ಕೆಲಸ ಮಾಡುವಾಗ ಪಕ್ಕದಿಂದ ಯಾರಾದ್ರೂ ಒಂದು ಫೋಟೋ ತೆಗೀಲಿ. ನಿಮಗೆ ಗೊತ್ತಾಗದ ಹಾಗೆ." ತೆಗೆದವಳು ನನ್ನ ಪಕ್ಕದ ಮೇಜಿನ ಹುಡುಗಿ. ಅವಳಿಗೂ ಥ್ಯಾಂಕ್ಸ್.

ಆ ಫೋಟೋವನ್ನು ಮೇಡಂ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಲ್ಯಾಪ್‌ಟಾಪ್ ಮೇಜಿನ ಮೇಲೆ, ತಲೆ ಅದರ ಕಡೆ ಬಾಗಿದೆ. ಫೈಲಿನ ಕಟ್ಟು ಬಲಕ್ಕೆ, ಅದರಾಚೆ ಮೌಸ್. ಬಲಗೈ ಫೈಲು ದಾಟಿ ಉದ್ದಕ್ಕೆ ಚಾಚಿದೆ, ಮೊಣಕೈಗೆ ಆಸರೆಯೇ ಇಲ್ಲ. ಹದಿನಾರು ವರ್ಷದಿಂದ ನಾನು ಕೂರುವುದು ಹೀಗೆ ಅಂತ ನನಗೇ ಗೊತ್ತಿರಲಿಲ್ಲ.

"ಅಲ್ಲ ಮೇಡಂ, ಮೌಸ್ ಏನು ಭಾರವಾ?" ಅಂತ ಕೇಳಿದೆ. ಅವರು ಹೇಳಿದ್ದು ಇವತ್ತಿಗೂ ನೆನಪಿದೆ. "ಮಳೆಗಾಲದಲ್ಲಿ ಕೊಡೆ ಹಿಡಿದು ಬಸ್ ಕಾಯ್ತೀರಲ್ಲ, ಕೊಡೆ ಏನು ಭಾರ ಉಂಟು? ಆದ್ರೂ ಹತ್ತು ನಿಮಿಷಕ್ಕೆ ಕೈ ಬದಲಿಸ್ತೀರಿ. ಈ ಕೈಗೆ ಯಾವಾಗ ಬಿಡುವು ಕೊಟ್ಟಿದ್ದೀರಿ?" ಒಂದೇ ಸಮನೆ ಬಿಗಿಹಿಡಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಭಾರ ಕಮ್ಮಿ ಇದ್ದರೂ ಬಿಡುವಿಲ್ಲದಿದ್ದರೆ ಅದು ದಣಿದು ಗಂಟು ಕಟ್ಟುತ್ತದೆ. ತಲೆಯೂ ಅಷ್ಟೆ. ನಾಲ್ಕೂವರೆ, ಐದು ಕಿಲೋ ತೂಗುವ ತಲೆ ಮುಂದೆ ಬಾಗಿದಷ್ಟೂ ಕುತ್ತಿಗೆಯ ಹಿಂದಿನ ಸ್ನಾಯು ಅದನ್ನು ಎಳೆದು ಹಿಡಿದಿರಬೇಕು.

ಮರುದಿನ ನಮ್ಮ ಸರ್ ಹಳೆಯ ಲೆಡ್ಜರ್ ಪುಸ್ತಕ ನಾಲ್ಕು ತೆಗೆದು ಲ್ಯಾಪ್‌ಟಾಪಿನ ಕೆಳಗೆ ತಾವೇ ಇಟ್ಟರು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು. ಬೇರೆ ಕೀಬೋರ್ಡ್ ತರಿಸಿದರು. ಫೈಲಿನ ಕಟ್ಟು ಎಡಕ್ಕೆ ಹೋಯಿತು, ಮೌಸ್ ಹತ್ತಿರ ಬಂತು. ಖರ್ಚು ಕೀಬೋರ್ಡಿನದ್ದು ಮಾತ್ರ. ಮೇಡಂ ಹತ್ತಿರ ಹೋಗಲಿಕ್ಕೆ ಆರು ವಾರ, ವಾರಕ್ಕೆ ಮೂರು ದಿನ, ಐದು ಗಂಟೆಗೇ ಬಿಟ್ಟರು. ಸಂಬಳ ಹಿಡಿಯಲಿಲ್ಲ. ಸರ್, ಇದನ್ನು ನಾನು ಮರೆಯುವವಳಲ್ಲ.

ಮೇಡಂ ಹೇಳಿಕೊಟ್ಟ ವ್ಯಾಯಾಮ ನೋಡಲಿಕ್ಕೆ ಏನೂ ಇಲ್ಲ. ಗದ್ದವನ್ನು ನೇರ ಹಿಂದಕ್ಕೆ ಎಳೆದು ಐದು ಎಣಿಸುವುದು. ಬೆನ್ನಿನ ಎರಡು ರೆಕ್ಕೆಮೂಳೆ ಹತ್ತಿರ ತಂದು ಹಿಡಿಯುವುದು. ಬಾಗಿಲ ದಾರಂದಕ್ಕೆ ಕೈ ಆನಿಸಿ ಎದೆ ಹಿಗ್ಗಿಸುವುದು. ನೋವು ಇಳಿದ ಮೇಲೆ ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವುದು. ಶಾಖವೂ ಇತ್ತು, ಕರೆಂಟೂ ಇತ್ತು. ಅವು ನೋವು ತಗ್ಗಿಸಲಿಕ್ಕೆ, ಬಲ ಬರಬೇಕಾದರೆ ನೀವೇ ಮಾಡಬೇಕು ಅಂತ ಅವರು ಮೊದಲೇ ಹೇಳಿದ್ದರು. ಜನವರಿಯಲ್ಲಿ ಕೆಲಸದ ಒತ್ತಡ ಅಂತ ಎರಡು ವಾರ ಬಿಟ್ಟೆ. ನೋವು ತಿರುಗಿ ಬಂತು. ಹೆದರಿ ಹೋದರೆ ಅವರು ಬೈಯಲಿಲ್ಲ. ಮತ್ತೆ ಮೊದಲಿಂದ, ಐದೈದು ಸಲದಿಂದ ಶುರು ಮಾಡಿಸಿದರು. ನನಗೆ ಅವರ ಮೇಲೆ ಗೌರವ ಜಾಸ್ತಿ ಆದದ್ದು ಆ ದಿನ.

ಮಗಳೇ, ನಿನಗೂ. ಎಂಟನೇ ಕ್ಲಾಸಿನ ಓದಿನ ಮಧ್ಯೆ ದಿನಾ ರಾತ್ರಿ ಪಕ್ಕದಲ್ಲಿ ಕೂತು ಎಣಿಸಿದ್ದೀಯ. ಅರ್ಧ ಗಂಟೆಗೊಮ್ಮೆ ಏಳಲಿಕ್ಕೆ ನನ್ನ ದೊಡ್ಡ ನೀರಿನ ಬಾಟ್ಲಿ ತೆಗೆದಿಟ್ಟು ನಿನ್ನ ಚಿಕ್ಕ ಬಾಟ್ಲಿ ಕೊಟ್ಟೆ. ಖಾಲಿಯಾದಾಗಲೆಲ್ಲ ತುಂಬಲು ಏಳಲೇಬೇಕು. ಈಗ ನಮ್ಮ ಆಫೀಸಿನಲ್ಲಿ ಮೂವರ ಮೇಜಿನ ಮೇಲೆ ಚಿಕ್ಕ ಬಾಟ್ಲಿ ಇದೆ.

ಇನ್ನೊಬ್ಬರು ಇದ್ದಾರೆ. ಪಿಯುಸಿ ರಜೆಯಲ್ಲಿ ನನಗೆ ಟೈಪಿಂಗ್ ಕಲಿಸಿದ ಮಾಸ್ಟ್ರು. ಬೆನ್ನು ನೆಟ್ಟಗೆ, ಮೊಣಕೈ ಮೈಗೆ ಹತ್ತಿರ, ಮಣಿಗಂಟು ಮೇಜಿಗೆ ತಾಗಬಾರದು ಅಂತ ಪೆನ್ಸಿಲಿನಲ್ಲಿ ತಟ್ಟಿ ತಟ್ಟಿ ಹೇಳುತ್ತಿದ್ದರು. ಮೇಡಂ ಕೈ ಹಿಡಿದು ಕೀಬೋರ್ಡಿನ ಮೇಲೆ ಇಡಿಸಿದಾಗ ಅದೇ ಮಾತು, ಅದೇ ಕ್ರಮ. ನಡುವೆ ನಾನು ಮರೆತಿದ್ದೆ, ಅಷ್ಟೆ. ಮಾಸ್ಟ್ರು ಈಗಿಲ್ಲ. ಇದ್ದಿದ್ದರೆ ಮನೆಗೆ ಹೋಗಿ ಹೇಳಿಬರುತ್ತಿದ್ದೆ.

ಅತ್ತೆಗೆ ಏನಂತ ಬರೆಯಲಿ? ಎಂಟು ತಿಂಗಳು ನನ್ನನ್ನು ಹೆರೆಮಣೆ ಮುಟ್ಟಲು ಬಿಡಲಿಲ್ಲ. ಕಾಯಿ ಹೆರೆದದ್ದು, ಬಟ್ಟೆ ಹಿಂಡಿದ್ದು ಅವರೇ. ಈ ಸಲ ಎಣ್ಣೆಯ ಬಾಣಲೆ ಹತ್ತಿರ ಕೂತು, ನಾನು ಒತ್ತಿದ ಒಂದೊಂದು ಚಕ್ಕುಲಿಯನ್ನೂ ತಿರುವಿ ಹಾಕುತ್ತಾ, ನಡುನಡುವೆ ನನ್ನ ಕೈಯನ್ನೇ ನೋಡುತ್ತಿದ್ದರು. ಹಿಟ್ಟು ಮುಗಿದಾಗ "ಜೋಮು ಉಂಟಾ?" ಅಂತ ಕೇಳಿದರು. ಇಲ್ಲ ಅಂದೆ. ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಕೈ ಬಿಟ್ಟರು.

ಮೇಡಂ, ಶನಿವಾರ ಐದು ಗಂಟೆಗೆ ಬರುತ್ತೇನೆ. ನಿಮಗೆ ಅಂತ ಒಂದು ಡಬ್ಬ ತೆಗೆದಿಟ್ಟಿದ್ದೇನೆ. ಎಳ್ಳು ಸ್ವಲ್ಪ ಜಾಸ್ತಿ ಹಾಕಿದ್ದೇನೆ, ಇಷ್ಟ ಅಂತ ಒಮ್ಮೆ ಹೇಳಿದ್ದಿರಿ.